ಹೊರದೇಶದ ರೆಸಿಪಿ ಕೈಕೊಟ್ಟಾಗ: ಬದಲಿ ಸಾಮಗ್ರಿಯಲ್ಲಿ ದೋಷ ಹುಡುಕುವ ಬಗೆ

ಬೇರೆ ದೇಶದವರು ಬರೆದ ಕೇಕ್ ರೆಸಿಪಿ. ಒಂದು ಹಂತವನ್ನೂ ಬಿಡದೆ ಪಾಲಿಸಿದ್ದೀರಿ. ಸಿಗದ ಎರಡು ಮೂರು ಸಾಮಾನಿಗೆ ಮಾತ್ರ ಹತ್ತಿರದ್ದೇನೋ ಹಾಕಿದ್ದೀರಿ. ಓವನ್‌ನಿಂದ ತೆಗೆದು ನೋಡಿದರೆ ಕೇಕ್ ನಡುವೆ ಗುಂಡಿ ಬಿದ್ದಿದೆ. ಅಥವಾ ಅಂಚು ಗಟ್ಟಿ, ಒಳಗೆ ಅಂಟು. ಅಥವಾ ಎಲ್ಲ ಚೆನ್ನಾಗಿದೆ, ರುಚಿ ಮಾತ್ರ ಸೋಪಿನ ಹಾಗೆ.

ಇಂಥ ಹೊತ್ತಿನಲ್ಲಿ ಮೊದಲು ಅನುಮಾನ ಬರುವುದು ಓವನ್ ಮೇಲೆ. ಅದನ್ನೂ ನೋಡಬೇಕು, ನಿಜ. ರೆಸಿಪಿಯಲ್ಲಿ 350 ಡಿಗ್ರಿ ಅಂದರೆ ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 177 ಡಿಗ್ರಿ ಸೆಲ್ಸಿಯಸ್. ಫ್ಯಾನ್ ತಿರುಗುವ ಓವನ್ ಆದರೆ ಇನ್ನೂ 20 ಡಿಗ್ರಿ ಕಡಿಮೆ ಇಡಬೇಕು. ಇಷ್ಟು ಸರಿ ಇದ್ದರೆ ಓವನ್ ಬಿಡಿ. ನಾನು ಕಂಡಂತೆ ಹೆಚ್ಚಿನ ಸಲ ತಪ್ಪು ಇರುವುದು ಆ ‘ಹತ್ತಿರದ್ದೇನೋ’ ಒಳಗೆ.

ಸಿಗದ ಸಾಮಾನಿಗೆ ಬದಲಿ ಹುಡುಕುವಾಗ ನಾವು ಹೆಸರು ನೋಡುತ್ತೇವೆ, ಇಲ್ಲವೇ ಬಣ್ಣ, ರುಚಿ ನೋಡುತ್ತೇವೆ. ಹಿಟ್ಟಿನ ಮಿಶ್ರಣಕ್ಕೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಎಷ್ಟು ನೀರು ಬಂತು, ಎಷ್ಟು ಕೊಬ್ಬು, ಎಷ್ಟು ಪ್ರೋಟೀನ್, ಎಷ್ಟು ಸಕ್ಕರೆ, ಎಷ್ಟು ಹುಳಿ ಅನ್ನುವುದು ಮಾತ್ರ. ಆ ಸಾಮಾನು ರೆಸಿಪಿಯಲ್ಲಿ ಯಾವ ಕೆಲಸ ಮಾಡುತ್ತಿತ್ತು ಅಂತ ಕೇಳಿಕೊಂಡರೆ ಅರ್ಧ ದೋಷ ಅಲ್ಲೇ ಸಿಗುತ್ತದೆ.

ಮತ್ತೆ ಬೇಯಿಸುವ ಮೊದಲು

ಕೆಟ್ಟದ್ದನ್ನು ಬಿಸಾಡಬೇಡಿ. ನಡುವೆ ಕತ್ತರಿಸಿ ನೋಡಿ. ತೂತು ದೊಡ್ಡದಿದೆಯೇ, ಉದ್ದ ಸುರಂಗದ ಹಾಗಿದೆಯೇ, ತಳದಲ್ಲಿ ಒದ್ದೆ ಪದರ ನಿಂತಿದೆಯೇ? ಒಂದು ಚೂರು ತಿನ್ನಿ. ಇದೆಲ್ಲ ಸುಳಿವು.

ಆಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ರೆಸಿಪಿ ಕೇಳಿದ್ದು, ಬಲಕ್ಕೆ ನೀವು ಹಾಕಿದ್ದು. ‘ಅದೇ ಅಲ್ವಾ’ ಅಂತ ಅನ್ನಿಸುವ ಸಾಮಾನನ್ನೂ ಬರೆಯಿರಿ. ಮೋಸ ಮಾಡುವುದು ಹೆಚ್ಚಾಗಿ ಅದೇ. ಪ್ಯಾಕೆಟ್ ಹಿಂದಿನ ಪಟ್ಟಿ ನೋಡಿ 100 ಗ್ರಾಂಗೆ ಕೊಬ್ಬು ಎಷ್ಟು, ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಅಂತ ಪಕ್ಕದಲ್ಲಿ ಗುರುತು ಹಾಕಿ.

ಬೆಣ್ಣೆಯನ್ನೇ ನೋಡಿ. ಅಮೆರಿಕದಲ್ಲಿ ಬೆಣ್ಣೆ ಅನ್ನಿಸಿಕೊಳ್ಳಲು ಕನಿಷ್ಠ 80 ಶೇಕಡಾ ಕೊಬ್ಬು ಇರಬೇಕು. ಯುರೋಪಿನ ಬೆಣ್ಣೆಯಲ್ಲಿ 82 ಸಾಮಾನ್ಯ. ಉಳಿದದ್ದರಲ್ಲಿ ಬಹುಪಾಲು ನೀರು. ಅದರ ಜಾಗಕ್ಕೆ ತುಪ್ಪ ಹಾಕಿದರೆ ನೀರು ಹೋಯಿತು, ಕೊಬ್ಬು ಜಾಸ್ತಿಯಾಯಿತು. 100 ಗ್ರಾಂ ಬೆಣ್ಣೆಗೆ 80 ಗ್ರಾಂ ತುಪ್ಪ, 16 ಗ್ರಾಂನಷ್ಟು ನೀರು ಅಂತ ಹಾಕಿದರೆ ಲೆಕ್ಕ ಕೂಡುತ್ತದೆ. ಆದರೆ ಬೆಣ್ಣೆಗೆ ಇನ್ನೊಂದು ಕೆಲಸ ಇದೆ. ಸಕ್ಕರೆ ಜೊತೆ ಬಡಿದಾಗ ಅದು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರಗಿದ ತುಪ್ಪವಾಗಲಿ ಎಣ್ಣೆಯಾಗಲಿ ಅದನ್ನು ಮಾಡಲಾರದು. ಲೆಕ್ಕ ಸರಿ ಇದ್ದರೂ ಕೇಕ್ ದಟ್ಟವಾಗುವುದು ಇದಕ್ಕೇ. ಹಾಗಾಗಿ ‘ಬೆಣ್ಣೆ, ಸಕ್ಕರೆ ಹಗುರಾಗುವ ತನಕ ಬಡಿಯಿರಿ’ ಅಂತ ಶುರುವಾಗುವ ರೆಸಿಪಿಗೆ ಎಣ್ಣೆ ಹಾಕುವ ಬದಲು, ಎಣ್ಣೆಯಲ್ಲೇ ಮಾಡುವ ಬೇರೆ ರೆಸಿಪಿ ಹುಡುಕುವುದು ಜಾಣತನ.

ಹುಡುಕುವಾಗ ಈ ವರಸೆ ಇಟ್ಟುಕೊಳ್ಳಿ: ಮೊದಲು ಹೆಸರು, ಆಮೇಲೆ ಅಳತೆ, ಕೊನೆಗೆ ಒಳಗಿನ ಅಂಶ. ಮತ್ತೆ ಮಾಡುವಾಗ ಅರ್ಧ ಅಳತೆಯಲ್ಲಿ ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಬದಲಿಸಿದರೆ ಕೇಕ್ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ.

ಹೆಸರು ಒಂದೇ, ವಸ್ತು ಬೇರೆ

ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಾರ್ನ್‌ಫ್ಲೋರ್. ಬ್ರಿಟನ್ನಿನ ರೆಸಿಪಿಯಲ್ಲಿ ಕಾರ್ನ್‌ಫ್ಲೋರ್ ಅಂದರೆ ಮೆಕ್ಕೆಜೋಳದಿಂದ ತೆಗೆದ ಅಚ್ಚ ಬಿಳಿ ಪಿಷ್ಟ. ಅಮೆರಿಕದ ರೆಸಿಪಿಯಲ್ಲಿ ಅದೇ ಹೆಸರಿಗೆ ಮೆಕ್ಕೆಜೋಳವನ್ನೇ ನುಣ್ಣಗೆ ಬೀಸಿದ ಹಿಟ್ಟು ಅಂತ ಅರ್ಥ. ಪಿಷ್ಟ ಬೇಕಾದರೆ ಅವರು ಕಾರ್ನ್‌ಸ್ಟಾರ್ಚ್ ಅನ್ನುತ್ತಾರೆ. ಕಸ್ಟರ್ಡ್ ಗಟ್ಟಿಯಾಗದೆ ಮರಳು ಮರಳಾಗಿದ್ದರೆ ಇಲ್ಲೇ ನೋಡಿ.

ಸೋಡಾ ವಿಷಯ ಇನ್ನೂ ಜೋಪಾನ. ಬೈಕಾರ್ಬೊನೇಟ್ ಆಫ್ ಸೋಡಾ, ಬೇಕಿಂಗ್ ಸೋಡಾ, ಅಡುಗೆ ಸೋಡಾ, ಜರ್ಮನ್ನರ ನಾಟ್ರೊನ್ – ಎಲ್ಲ ಒಂದೇ. ಬೇಕಿಂಗ್ ಪೌಡರ್ ಬೇರೆ; ಅದರಲ್ಲಿ ಸೋಡಾ ಜೊತೆ ಒಣ ಹುಳಿ, ಪಿಷ್ಟ ಸೇರಿರುತ್ತವೆ. ವಾಷಿಂಗ್ ಸೋಡಾ ಬಟ್ಟೆಗೆ ಹಾಕುವಂಥದ್ದು, ಅದನ್ನು ಬಾಯಿಗೆ ಹಾಕಲೇಬಾರದು. ಫ್ರೆಂಚ್ ರೆಸಿಪಿಯ ‘ಲೆವ್ಯೂರ್ ಶಿಮಿಕ್’ ಅನ್ನು ಯಂತ್ರಾನುವಾದ ಕೆಲವೊಮ್ಮೆ ‘ರಾಸಾಯನಿಕ ಯೀಸ್ಟ್’ ಅಂತ ಮಾಡಿಬಿಡುತ್ತದೆ. ಅದು ಬೇಕಿಂಗ್ ಪೌಡರ್. ಅದರ ಬದಲು ಯೀಸ್ಟ್ ಹಾಕಿದರೆ ಕೇಕ್ ಉಬ್ಬಲಿ ಅಂತ ಕಾಯುವುದೇ ಆಗುತ್ತದೆ.

ಕ್ರೀಮ್ ಆಫ್ ಟಾರ್ಟರ್‌ನಲ್ಲಿ ಕೆನೆ ಇಲ್ಲ. ವೈನ್ ಮಾಡುವಾಗ ಪೀಪಾಯಿಯೊಳಗೆ ಕಟ್ಟುವ ಹರಳಿನಿಂದ ತೆಗೆದ ಹುಳಿ ಪುಡಿ ಅದು. ಮೊಟ್ಟೆಯ ಬಿಳಿ ಬಡಿಯುವಾಗ ಕಾಲು ಟೀ ಚಮಚ ಕೇಳಿದ್ದರೆ ಅರ್ಧ ಟೀ ಚಮಚ ನಿಂಬೆರಸ ಸಾಕು. ಆಲ್‌ಸ್ಪೈಸ್ ಅಂದರೆ ಮಸಾಲೆ ಮಿಶ್ರಣ ಅಲ್ಲ, ಒಂದೇ ಗಿಡದ ಒಣಗಿದ ಕಾಯಿ. ಕೋಕೊನಟ್ ಕ್ರೀಮ್ ಸಪ್ಪೆ, ಕ್ರೀಮ್ ಆಫ್ ಕೋಕೊನಟ್ ಸಿಹಿ. ಇವಾಪರೇಟೆಡ್ ಮಿಲ್ಕ್‌ನಲ್ಲಿ ಸೇರಿಸಿದ ಸಕ್ಕರೆ ಇಲ್ಲ, ಕಂಡೆನ್ಸ್ಡ್ ಮಿಲ್ಕ್‌ನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸಕ್ಕರೆಯೇ.

ಬಟರ್‌ಮಿಲ್ಕ್ ಅಂದ ಕೂಡಲೇ ಮಜ್ಜಿಗೆ ಅಂತ ನಮ್ಮ ನಾಲಿಗೆಗೆ ಬರುತ್ತದೆ. ಬೇಕಿಂಗ್ ರೆಸಿಪಿಗಳಲ್ಲಿ ಬರುವುದು ಹಾಲಿಗೆ ಹೆಪ್ಪು ಹಾಕಿ ಮಾಡಿದ, ಗಟ್ಟಿಯಾದ, ಹುಳಿಯಾದ ದ್ರವ. ಬೆಣ್ಣೆ ತೆಗೆದು ನೀರು ಬೆರೆಸಿದ ತೆಳು ಮಜ್ಜಿಗೆ ಅದರ ಜಾಗಕ್ಕೆ ಬಂದರೆ ನೀರು ಜಾಸ್ತಿ, ಹುಳಿ ಕಡಿಮೆ. ಗಟ್ಟಿ ಮೊಸರಿಗೆ ಸ್ವಲ್ಪ ಹಾಲು ಸೇರಿಸಿ, ಚಮಚದಿಂದ ನಿಧಾನಕ್ಕೆ ಇಳಿಯುವ ಹದಕ್ಕೆ ತಂದರೆ ಅದಕ್ಕೆ ಹತ್ತಿರವಾಗುತ್ತದೆ.

ಅಳತೆಯ ಮೋಸ

ಇದನ್ನು ಬೇಗ ಮುಗಿಸೋಣ, ಯಾಕೆಂದರೆ ತಕ್ಕಡಿ ಇದ್ದರೆ ಇದರಲ್ಲಿ ಅರ್ಧ ತೊಂದರೆ ಇಲ್ಲವೇ ಇಲ್ಲ. ಅಮೆರಿಕದ ಕಪ್ ಸುಮಾರು 240 ಮಿ.ಲೀ., ಆಸ್ಟ್ರೇಲಿಯಾದ್ದು 250. ಟೇಬಲ್ ಚಮಚ ಅಮೆರಿಕ, ಬ್ರಿಟನ್ ಎರಡರಲ್ಲೂ 15 ಮಿ.ಲೀ. ಹತ್ತಿರ, ಆಸ್ಟ್ರೇಲಿಯಾದಲ್ಲಿ ಮಾತ್ರ 20. ಜೆಲಟಿನ್, ಕೋಕೋ ಇಂಥವನ್ನು ಚಮಚದಲ್ಲಿ ಅಳೆದಿದ್ದರೆ ಈ ಮೂರನೇ ಒಂದು ಪಾಲಿನ ವ್ಯತ್ಯಾಸ ಎದ್ದು ಕಾಣುತ್ತದೆ. ಅಮೆರಿಕದ ರೆಸಿಪಿಯಲ್ಲಿ ಬೆಣ್ಣೆಯ ಒಂದು ಸ್ಟಿಕ್ ಅಂದರೆ 113 ಗ್ರಾಂ. ಜರ್ಮನ್ ರೆಸಿಪಿ ‘ಒಂದು ಪೊಟ್ಟಣ ಬೇಕಿಂಗ್ ಪೌಡರ್’ ಅಂದರೆ ಅರ್ಧ ಕಿಲೋ ಹಿಟ್ಟಿಗೆ ಸಾಲುವಷ್ಟು, ಸುಮಾರು 15 ಗ್ರಾಂ.

ಮೊಟ್ಟೆಯನ್ನು ಯಾರೂ ಅನುಮಾನಿಸುವುದಿಲ್ಲ. ಅಮೆರಿಕದ ದೊಡ್ಡ ಮೊಟ್ಟೆ ಚಿಪ್ಪು ಬಿಟ್ಟು 50 ಗ್ರಾಂ. ಯುರೋಪಿನ ಲೆಕ್ಕದಲ್ಲಿ ಅದು ಮಧ್ಯಮ ಗಾತ್ರ. ನಿಮ್ಮ ಕೈಯಲ್ಲಿರುವ ಮೊಟ್ಟೆ ಸಣ್ಣದಿದ್ದು ಚಿಪ್ಪು ಬಿಟ್ಟು 40 ಗ್ರಾಂ ತೂಗಿದರೆ, ನಾಲ್ಕು ಮೊಟ್ಟೆಯ ಕೇಕ್‌ನಲ್ಲಿ 40 ಗ್ರಾಂ ಕೊರತೆ. ಅಂದರೆ ಒಂದು ಮೊಟ್ಟೆಯೇ ಇಲ್ಲದ ಹಾಗೆ. ಒಡೆದು ತೂಗಿ ಹಾಕಿ.

ಯೀಸ್ಟ್‌ನಲ್ಲಿ ಮೂರು ಬಗೆ. ತಾಜಾ ಯೀಸ್ಟ್ 30 ಗ್ರಾಂ ಕೇಳಿದ್ದರೆ ಇನ್‌ಸ್ಟಂಟ್ ಯೀಸ್ಟ್ 10 ಗ್ರಾಂ ಸಾಕು. ನೀರಲ್ಲಿ ನೆನೆಸಿ ಹಾಕುವ ಒಣ ಯೀಸ್ಟ್ ಆದರೆ 12 ಗ್ರಾಂನಿಂದ 15 ಗ್ರಾಂ.

ಉಬ್ಬಲಿಲ್ಲ, ಕುಸಿಯಿತು, ಸೋಪಿನ ರುಚಿ ಬಂತು

ನನಗೆ ಈ ವಿಷಯ ಮನಸ್ಸಿಗೆ ನಾಟಿದ್ದು ಒಂದು ಚಾಕೊಲೇಟ್ ಕೇಕ್‌ನಿಂದ. ಅಮೆರಿಕದ ರೆಸಿಪಿ. 250 ಗ್ರಾಂ ಮೈದಾ, ಒಂದು ಕಪ್ ಬಟರ್‌ಮಿಲ್ಕ್, ಕೋಕೋ, ಒಂದು ಟೀ ಚಮಚ ಸೋಡಾ. ಬೇಕಿಂಗ್ ಪೌಡರ್ ಇಲ್ಲ. ಬಟರ್‌ಮಿಲ್ಕ್ ಸಿಗಲಿಲ್ಲ ಅಂತ ಸುಮ್ನೆ ಹಾಲು ಹಾಕಿದೆ. ಕೇಕ್ ಚಪ್ಪಟೆಯಾಗಿ, ಕಡುಗಪ್ಪಾಗಿ, ಕಹಿಯಾಗಿ ಬಂತು. ಉಬ್ಬಿಲ್ಲ ಅಂದರೆ ಸೋಡಾ ಸಾಲಲಿಲ್ಲ ಅಂದುಕೊಂಡು ಮರುದಿನ ಸೋಡಾ ಹೆಚ್ಚಿಸಿದೆ. ಬಾಯಿಗಿಡಲು ಆಗಲಿಲ್ಲ.

ನಡೆದದ್ದು ಇಷ್ಟು. ಸೋಡಾ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದಕ್ಕೆ ಹುಳಿ ಬೇಕು. ಹುಳಿ ಸಿಕ್ಕರೆ ಗಾಳಿ ಹುಟ್ಟುತ್ತದೆ, ಸೋಡಾ ಖರ್ಚಾಗುತ್ತದೆ. ಹುಳಿ ಇಲ್ಲದಿದ್ದರೆ ಕ್ಷಾರ ಹಾಗೇ ಉಳಿದು ಸೋಪಿನ ರುಚಿ ಕೊಡುತ್ತದೆ, ಬಣ್ಣ ಕಪ್ಪಾಗಿಸುತ್ತದೆ. ಒಂದು ಕಪ್ ಬಟರ್‌ಮಿಲ್ಕ್‌ನ ಹುಳಿ ಸುಮಾರು ಅರ್ಧ ಟೀ ಚಮಚ ಸೋಡಾವನ್ನು ತೀರಿಸುತ್ತದೆ. ಆ ಹುಳಿಯನ್ನೇ ನಾನು ತೆಗೆದುಬಿಟ್ಟಿದ್ದೆ. ಮೂರನೇ ಸಲ ಹಾಲಿಗೆ ಒಂದು ಟೇಬಲ್ ಚಮಚ ನಿಂಬೆರಸ ಸೇರಿಸಿ, ಒಟ್ಟು ಒಂದು ಕಪ್ ಮಾಡಿ, ಹತ್ತು ನಿಮಿಷ ಬಿಟ್ಟು ಹಾಕಿದೆ. ಕೇಕ್ ಎದ್ದಿತು. ಆದರೂ ಹಿನ್ನೆಲೆಯಲ್ಲಿ ಒಂದು ತೆಳು ಕ್ಷಾರದ ರುಚಿ ಉಳಿಯಿತು.

ಉಳಿದರ್ಧ ಸೋಡಾ ಎಲ್ಲಿ ಹೋಗಬೇಕಿತ್ತು? ಉತ್ತರ ಕೋಕೋ ಡಬ್ಬಿಯ ಮೇಲೆ ಇತ್ತು. ಕೋಕೋದಲ್ಲಿ ಎರಡು ಬಗೆ. ಸಹಜ ಕೋಕೋ ಹುಳಿ. ಅದರ ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಆದರೆ ಹುಳಿ) 5.3ರಿಂದ 5.8. ಡಚ್ ಕೋಕೋವನ್ನು ಕ್ಷಾರ ಸೇರಿಸಿ ಹದ ಮಾಡಿರುತ್ತಾರೆ, ಪಿಎಚ್ 7ರ ಆಸುಪಾಸು ಇಲ್ಲವೇ ಅದಕ್ಕೂ ಮೇಲೆ. ನನ್ನದು ಎರಡನೆಯದು. ರೆಸಿಪಿ ಬರೆದವರಿಗೆ ಸಹಜ ಕೋಕೋ ಮನಸ್ಸಿನಲ್ಲಿತ್ತು. ಡಬ್ಬಿಯ ಪಟ್ಟಿಯಲ್ಲಿ ‘ಆಮ್ಲೀಯತೆ ನಿಯಂತ್ರಕ’ ಅಂತ 500 ಅಥವಾ 501 ಸಂಖ್ಯೆ ಕಂಡರೆ ಅದು ಕ್ಷಾರ ಸೇರಿಸಿದ್ದು. ಸೋಡಾವನ್ನು ಅರ್ಧಕ್ಕೆ ಇಳಿಸಿ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿದ ಮೇಲೆ ಕೇಕ್ ಬರಬೇಕಾದ ಹಾಗೆ ಬಂತು.

ಹಾಗಾಗಿ ನಿಮ್ಮ ಕೇಕ್ ಸೋಪಿನ ರುಚಿ ಬಂದಿದ್ದರೆ ರೆಸಿಪಿಯಲ್ಲಿ ಹುಳಿ ಎಲ್ಲಿತ್ತು ಅಂತ ಹುಡುಕಿ. ಬಟರ್‌ಮಿಲ್ಕ್, ಮೊಸರು, ಸೋರ್ ಕ್ರೀಮ್, ಬ್ರೌನ್ ಶುಗರ್, ಮೊಲಾಸಿಸ್ (ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ), ಜೇನು, ಸಹಜ ಕೋಕೋ, ಹಣ್ಣಿನ ತಿರುಳು. ಇದರಲ್ಲಿ ಯಾವುದನ್ನೋ ನೀವು ಹುಳಿಯಿಲ್ಲದ ವಸ್ತುವಿಗೆ ಬದಲಿಸಿದ್ದೀರಿ.

ರುಚಿ ಸರಿ ಇದ್ದು ಬರೀ ಉಬ್ಬಿಲ್ಲ ಅಂದರೆ ಪೌಡರ್ ಹಳೆಯದಾಗಿರಬಹುದು. ಒಂದು ಟೀ ಚಮಚ ಪೌಡರ್‌ಗೆ ಬಿಸಿ ನೀರು ಹಾಕಿ, ಭರ್ರನೆ ನೊರೆ ಬರಬೇಕು. ಸೋಡಾ ಆದರೆ ವಿನೆಗರ್ ಹಾಕಿ ನೋಡಿ. ಉಬ್ಬಿ ಆಮೇಲೆ ನಡುವೆ ಕುಸಿದಿದ್ದರೆ ಸಾಮಾನ್ಯವಾಗಿ ಪೌಡರ್ ಜಾಸ್ತಿಯಾಗಿದೆ. ಅಂದಾಜಿಗೆ 120 ಗ್ರಾಂ ಹಿಟ್ಟಿಗೆ ಒಂದು ಟೀ ಚಮಚ ಬೇಕಿಂಗ್ ಪೌಡರ್, ಅಥವಾ ಹುಳಿ ಇದ್ದರೆ ಕಾಲು ಟೀ ಚಮಚ ಸೋಡಾ. ಪೌಡರ್ ಸಿಗದೇ ಹೋದರೆ ಒಂದು ಪಾಲು ಸೋಡಾ, ಎರಡು ಪಾಲು ಕ್ರೀಮ್ ಆಫ್ ಟಾರ್ಟರ್ ಬೆರೆಸಿ. ಇದು ಒದ್ದೆಯಾದ ಕೂಡಲೇ ಕೆಲಸ ಶುರು ಮಾಡುತ್ತದೆ, ಕಲಸಿಟ್ಟು ಕಾಯುವ ಹಾಗಿಲ್ಲ.

ಬೇಕಿಂಗ್ ಪೌಡರ್ ಮೊದಲೇ ಬೆರೆಸಿದ ಸೆಲ್ಫ್ ರೈಸಿಂಗ್ ಹಿಟ್ಟು ಇಲ್ಲೇ ಬರಲಿ; ಅದು ಸಿಗದಿದ್ದರೆ ಹೀಗೆ ಮಾಡಿಕೊಳ್ಳಿ. ಬ್ರಿಟನ್ನಿನ ರೆಸಿಪಿಗೆ 150 ಗ್ರಾಂ ಮೈದಾಕ್ಕೆ ಎರಡು ಟೀ ಚಮಚ ಬೇಕಿಂಗ್ ಪೌಡರ್. ಅಮೆರಿಕದ ರೆಸಿಪಿಗೆ ಒಂದು ಕಪ್‌ಗೆ ಒಂದೂವರೆ ಟೀ ಚಮಚ ಪೌಡರ್, ಜೊತೆಗೆ ಕಾಲು ಟೀ ಚಮಚ ಉಪ್ಪು. ಎರಡು ಮೂರು ಸಲ ಜರಡಿ ಹಿಡಿಯಿರಿ. ಪೌಡರ್ ಒಂದೇ ಕಡೆ ನಿಂತರೆ ಸುರಂಗದ ಹಾಗೆ ತೂತು ಬೀಳುತ್ತದೆ.

ಕೇಕ್ ರಬ್ಬರ್, ಬ್ರೆಡ್ ಚಪ್ಪಟೆ

ಎರಡಕ್ಕೂ ಕಾರಣ ಹಿಟ್ಟಿನ ಪ್ರೋಟೀನ್. ಕೇಕ್ ಹಿಟ್ಟಿನಲ್ಲಿ 7ರಿಂದ 9 ಶೇಕಡಾ, ಎಲ್ಲದಕ್ಕೂ ಬಳಸುವ ಮೈದಾದಲ್ಲಿ 10ರಿಂದ 12, ಬ್ರೆಡ್ ಹಿಟ್ಟಿನಲ್ಲಿ 12ರಿಂದ 14. ಪ್ರೋಟೀನ್ ಜಾಸ್ತಿ ಇದ್ದಷ್ಟೂ ನಾದಿದಾಗ ಜಿಗುಟು ಬಲೆ ಕಟ್ಟುತ್ತದೆ. ಬ್ರೆಡ್‌ಗೆ ಅದೇ ಬೆನ್ನೆಲುಬು, ಕೇಕ್‌ಗೆ ಅದೇ ಶತ್ರು.

ಪ್ಯಾಕೆಟ್ ಮೇಲಿನ ಅಂಕೆಯನ್ನು ಪೂರ್ತಿ ನಂಬಬೇಡಿ. 30 ಗ್ರಾಂಗೆ 3 ಗ್ರಾಂ ಪ್ರೋಟೀನ್ ಅಂತ ಬರೆದಿದ್ದರೆ ನಮಗೆ 10 ಶೇಕಡಾ ಅನ್ನಿಸುತ್ತದೆ. ಆದರೆ ಪೂರ್ಣ ಅಂಕೆಗೆ ಹೊಂದಿಸಿ ಬರೆದಿದ್ದರೆ ನಿಜವಾದದ್ದು 2.5ರಿಂದ 3.5ರ ನಡುವೆ ಎಲ್ಲಾದರೂ ಇರಬಹುದು. ಅಂದರೆ 8ರಿಂದ ಹನ್ನೊಂದೂವರೆ ಶೇಕಡಾ! 100 ಗ್ರಾಂ ಲೆಕ್ಕ ಇದ್ದರೆ ಅದನ್ನೇ ನೋಡಿ. ಇಡೀ ಗೋಧಿಯ ಹಿಟ್ಟಿನಲ್ಲಿ ಅಂಕೆ ಮೇಲಿದ್ದರೂ ಮೋಸಹೋಗಬೇಡಿ. ಅದರ ತವಡು ಜಿಗುಟಿನ ಬಲೆಯನ್ನು ಕತ್ತರಿಸುತ್ತದೆ, ಬ್ರೆಡ್ ಹಿಟ್ಟಿನ ಹಾಗೆ ಅದು ಏಳುವುದಿಲ್ಲ. ಜರ್ಮನ್ ಹಿಟ್ಟಿನ 405, 550, ಫ್ರೆಂಚ್ ಹಿಟ್ಟಿನ 45, 55 ಇವು ಪ್ರೋಟೀನ್ ಸಂಖ್ಯೆಗಳಲ್ಲ. ಹಿಟ್ಟನ್ನು ಸುಟ್ಟರೆ ಉಳಿಯುವ ಬೂದಿಯ ಲೆಕ್ಕ ಅವು. ಸಂಖ್ಯೆ ಕಡಿಮೆ ಆದಷ್ಟೂ ಹಿಟ್ಟು ಬಿಳಿ.

ಎರಡು ಹಿಟ್ಟಿನಲ್ಲಿ ಯಾವುದು ಗಟ್ಟಿ ಅಂತ ಮನೆಯಲ್ಲೇ ಹೋಲಿಸಬಹುದು. ಪ್ರತಿಯೊಂದರಲ್ಲೂ 50 ಗ್ರಾಂ ತೆಗೆದುಕೊಂಡು 30 ಗ್ರಾಂ ನೀರಿನಲ್ಲಿ ಕಲಸಿ, ಅರ್ಧ ಗಂಟೆ ನೆನೆಯಲು ಬಿಡಿ. ಆಮೇಲೆ ನೀರಿನಲ್ಲಿ ಹಿಸುಕಿ ಹಿಸುಕಿ ಬಿಳಿ ಪಿಷ್ಟವೆಲ್ಲ ಹೋಗುವ ತನಕ ತೊಳೆಯಿರಿ. ಕೈಯಲ್ಲಿ ಉಳಿಯುವ ಎಳೆ ಎಳೆಯಾದ ಅಂಟನ್ನು ತೂಗಿ. ಹೆಚ್ಚು ತೂಗಿದ್ದು ಬ್ರೆಡ್‌ಗೆ, ಕಡಿಮೆ ತೂಗಿದ್ದು ಕೇಕ್‌ಗೆ. ಒಂದು ಸಲ ಮಾಡಿ ನೋಡಿ, ಹಿಟ್ಟಿನ ಬಗ್ಗೆ ನಿಮ್ಮ ಕೈಗೇ ಒಂದು ತಿಳಿವಳಿಕೆ ಬರುತ್ತದೆ.

ಸರಿ ಮಾಡುವುದು ಸುಲಭ. 120 ಗ್ರಾಂ ಮೈದಾದಲ್ಲಿ ಎರಡು ಟೇಬಲ್ ಚಮಚ ತೆಗೆದು ಅಷ್ಟೇ ಮೆಕ್ಕೆಜೋಳದ ಪಿಷ್ಟ ಸೇರಿಸಿದರೆ 11 ಶೇಕಡಾ ಇದ್ದದ್ದು ಒಂಬತ್ತೂವರೆಗೆ ಇಳಿಯುತ್ತದೆ. ಬ್ರೆಡ್‌ಗೆ ಏರಿಸಬೇಕಾದರೆ ಒಣ ಗ್ಲುಟೆನ್ (ಆ ಜಿಗುಟು ಪ್ರೋಟೀನ್) ಪುಡಿ ಬೇಕು. ಒಂಬತ್ತೂವರೆ ಶೇಕಡಾದ 100 ಗ್ರಾಂ ಹಿಟ್ಟಿಗೆ 5 ಗ್ರಾಂ ಸೇರಿಸಿದರೆ ಹನ್ನೆರಡೂವರೆ ದಾಟುತ್ತದೆ. ನೀರು ಸ್ವಲ್ಪ ಜಾಸ್ತಿ ಕುಡಿಯುತ್ತದೆ.

ಒಂದು ಕಡೆ ಮಾತ್ರ ಪಿಷ್ಟದ ಉಪಾಯ ಪೂರ್ತಿ ಫಲಿಸುವುದಿಲ್ಲ. ಅಮೆರಿಕದ ಬ್ಲೀಚ್ ಮಾಡಿದ ಕೇಕ್ ಹಿಟ್ಟನ್ನು ಕ್ಲೋರಿನ್ ಹಾಯಿಸಿ ಹದ ಮಾಡಿರುತ್ತಾರೆ. ಅದರ ಪಿಷ್ಟ ಹೆಚ್ಚು ನೀರು ಹೀರುತ್ತದೆ. ಹಿಟ್ಟಿಗಿಂತ ಸಕ್ಕರೆಯ ತೂಕವೇ ಜಾಸ್ತಿ ಇರುವ ಕೇಕ್‌ಗಳು ಆ ಗುಣವನ್ನೇ ನಂಬಿಕೊಂಡಿರುತ್ತವೆ. ಇಂಥ ಕೇಕ್ ನಿಮ್ಮಲ್ಲಿ ಪದೇ ಪದೇ ಕುಸಿಯುತ್ತಿದ್ದರೆ ಸಕ್ಕರೆಯನ್ನು ಹಿಟ್ಟಿನ ತೂಕಕ್ಕೆ ಇಳಿಸಿ ನೋಡಿ. ಯುರೋಪಿನಲ್ಲಿ ಆ ಕ್ಲೋರಿನ್ ಹಿಟ್ಟು ಮಾರುವಂತಿಲ್ಲ, ಅಲ್ಲಿನವರಿಗೂ ಇದೇ ಪಾಡು.

ಕುಕ್ಕಿ ಹರಡಿತು, ಅಥವಾ ಅಲುಗಲೇ ಇಲ್ಲ

ಇಲ್ಲಿ ಸಕ್ಕರೆಯನ್ನು ನೋಡಿ. ದಪ್ಪ ಹರಳಿನ ಸಕ್ಕರೆ ಬೇಗ ಕರಗುವುದಿಲ್ಲ. ಬೆಣ್ಣೆಯಲ್ಲಿ ಗಾಳಿ ಕಡಿಮೆ ಸೇರುತ್ತದೆ, ಕೇಕ್ ಮೇಲೆ ಚುಕ್ಕಿ ಚುಕ್ಕಿ ಕಾಣುತ್ತದೆ. ಕ್ಯಾಸ್ಟರ್ ಶುಗರ್ ಕೇಳಿದ್ದರೆ ಮಿಕ್ಸಿಯಲ್ಲಿ ಎರಡು ಮೂರು ಸಲ ಮಾತ್ರ ತಿರುಗಿಸಿ, ಸಣ್ಣ ಮರಳಿನ ಹದಕ್ಕೆ ನಿಲ್ಲಿಸಿ. ಪುಡಿಯಾಗಿಬಿಟ್ಟರೆ ಅದು ಐಸಿಂಗ್ ಶುಗರ್ ಕಡೆಗೆ ಹೋಯಿತು. ಕಪ್‌ನಲ್ಲಿ ಅಳೆಯುವವರು ಇನ್ನೂ ಎಚ್ಚರ: ಒಂದು ಕಪ್ ಹರಳು ಸಕ್ಕರೆ 200 ಗ್ರಾಂ, ಒಂದು ಕಪ್ ಪುಡಿ ಸಕ್ಕರೆ 120.

ಬ್ರೌನ್ ಶುಗರ್ ಅಂದರೆ ಕಂದು ಬಣ್ಣದ ಯಾವುದೋ ಸಕ್ಕರೆ ಅಂತ ಅಲ್ಲ. ಅದು ಮೊಲಾಸಿಸ್ ಸವರಿದ ಒದ್ದೆಯಾದ ಸಣ್ಣ ಸಕ್ಕರೆ; ಹಿಡಿದು ಒತ್ತಿದರೆ ಉಂಡೆ ನಿಲ್ಲುತ್ತದೆ. ಡೆಮೆರಾರಾ ಬಣ್ಣದಲ್ಲಿ ಹತ್ತಿರ, ಆದರೆ ಒಣಗಿದ ದಪ್ಪ ಹರಳು. ಅದನ್ನು ಹಾಕಿದ ಕುಕ್ಕಿ ಮೆತ್ತಗಾಗದೆ ಗರಿಗರಿಯಾಗುತ್ತದೆ. 200 ಗ್ರಾಂ ಬಿಳಿ ಸಕ್ಕರೆಗೆ ಒಂದು ಟೇಬಲ್ ಚಮಚ ಮೊಲಾಸಿಸ್ ಬೆರೆಸಿದರೆ ತಿಳಿ ಕಂದು, ಎರಡು ಬೆರೆಸಿದರೆ ಕಡು ಕಂದು. ಬೆಲ್ಲ, ಪನೇಲಾದಂಥ ಶುದ್ಧೀಕರಿಸದ ಸಕ್ಕರೆ ಹಾಕಿದರೆ ರುಚಿ ಚೆನ್ನಾಗಿರುತ್ತದೆ, ಆದರೆ ನೀರಿನ ಅಂಶ ಒಂದೊಂದು ಅಚ್ಚಿಗೆ ಒಂದೊಂದು ಥರ. ಮೊದಲು ಎರಡೇ ಕುಕ್ಕಿ ಬೇಯಿಸಿ ನೋಡಿ, ಜಾಸ್ತಿ ಹರಡಿದರೆ ಉಳಿದ ಹಿಟ್ಟಿಗೆ ಒಂದೆರಡು ಚಮಚ ಮೈದಾ ಸೇರಿಸಿ.

ಹರಡಿ ಜಿಡ್ಡು ಬಿಟ್ಟಿದ್ದರೆ ಬೆಣ್ಣೆ ಡಬ್ಬಿ ಓದಿ. ಬ್ರೆಡ್‌ಗೆ ಸವರುವ ಸ್ಪ್ರೆಡ್‌ಗಳಲ್ಲಿ ಕೊಬ್ಬು 80ಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ, ಉಳಿದದ್ದು ನೀರು.

ಕೆನೆ ನಿಲ್ಲುವುದಿಲ್ಲ

ಎಷ್ಟು ಬಡಿದರೂ ತೆಳುವಾಗೇ ಇದೆಯೇ? ಡಬ್ಬಿಯಲ್ಲಿ ಕೊಬ್ಬು ಎಷ್ಟಿದೆ ನೋಡಿ. 30 ಶೇಕಡಾಕ್ಕಿಂತ ಕೆಳಗಿದ್ದರೆ ಬಡಿಯುವುದನ್ನು ನಿಲ್ಲಿಸಿ, ಅದು ನಿಲ್ಲುವುದಿಲ್ಲ. ಅಮೆರಿಕದ ಹೆವಿ ಕ್ರೀಮ್‌ನಲ್ಲಿ ಕನಿಷ್ಠ 36, ಬ್ರಿಟನ್ನಿನ ಡಬಲ್ ಕ್ರೀಮ್‌ನಲ್ಲಿ 48, ಸಿಂಗಲ್ ಕ್ರೀಮ್‌ನಲ್ಲಿ 18. ಇವು ಒಂದರ ಜಾಗಕ್ಕೆ ಒಂದು ಬರುವಂಥವಲ್ಲ.

ಬಡಿಯುವ ಕೆಲಸ ಇಲ್ಲದ ಕಡೆ, ಅಂದರೆ ಗನಾಶ್ (ಚಾಕೊಲೇಟ್, ಕೆನೆಯ ಮಿಶ್ರಣ), ಬೇಯಿಸುವ ಕಸ್ಟರ್ಡ್, ಕ್ಯಾರಮೆಲ್ ಇಂಥದ್ದಕ್ಕೆ ತೆಳು ಕೆನೆಯನ್ನು ಬೆಣ್ಣೆ ಸೇರಿಸಿ ಏರಿಸಬಹುದು. 25 ಶೇಕಡಾ ಕೊಬ್ಬಿನ 200 ಗ್ರಾಂ ಕೆನೆಗೆ 45 ಗ್ರಾಂ ಉಪ್ಪಿಲ್ಲದ ಬೆಣ್ಣೆ ಕರಗಿಸಿ ಹಾಕಿದರೆ 35 ಶೇಕಡಾ ಆಗುತ್ತದೆ. ಬೆಚ್ಚಗೆ ಮಾಡಿ ಚೆನ್ನಾಗಿ ಕಲಕಿ. ತಣ್ಣಗಾದ ಮೇಲೆ ಇದನ್ನು ಬಡಿದು ನಿಲ್ಲಿಸಲು ಮಾತ್ರ ಹೋಗಬೇಡಿ, ಬೆಣ್ಣೆ ಬೇರೆಯಾಗುತ್ತದೆ.

ಚೀಸ್‌ಕೇಕ್ ಸಡಿಲವಾಗಿದ್ದರೆ ಚೀಸಿನ ನೀರು ಕಾರಣ. ಅಮೆರಿಕದ ಕ್ರೀಮ್ ಚೀಸಿನಲ್ಲಿ ಕೊಬ್ಬು ಕನಿಷ್ಠ 33 ಶೇಕಡಾ, ನೀರು 55ನ್ನು ದಾಟುವಂತಿಲ್ಲ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು ಹುಳಿಯನ್ನು ಕೊಡುತ್ತದೆ, ಕೊಬ್ಬನ್ನು ಅಷ್ಟು ಕೊಡುವುದಿಲ್ಲ. ರಾತ್ರಿಯಿಡೀ ತೂಕ ಹೇರಿ ಇಳಿಸಿ, ಜೊತೆಗೆ ಸ್ವಲ್ಪ ದಪ್ಪ ಕೆನೆ, ಒಂದು ಚಮಚ ಮೆಕ್ಕೆಜೋಳದ ಪಿಷ್ಟ ಸೇರಿಸಿದರೆ ಕತ್ತರಿಸುವ ಹದಕ್ಕೆ ಬರುತ್ತದೆ.

ಪಾಕ ಹರಳುಗಟ್ಟಿತು, ಮಿಠಾಯಿ ಅಂಟುತ್ತದೆ

ಹೊರಗಿನ ಮಿಠಾಯಿ ರೆಸಿಪಿಗಳಲ್ಲಿ ಕಾರ್ನ್ ಸಿರಪ್ ಬರುವುದು ಸಿಹಿಗಾಗಿ ಅಂತ ಅನ್ನಿಸುತ್ತದೆ. ಅದಕ್ಕಲ್ಲ. ಸಕ್ಕರೆ ಮತ್ತೆ ಹರಳಾಗದಂತೆ ತಡೆಯುವುದು ಅದರ ಕೆಲಸ. ಅದನ್ನು ಬಿಟ್ಟು ‘ಸಕ್ಕರೆಯೇ ಸ್ವಲ್ಪ ಜಾಸ್ತಿ ಹಾಕೋಣ’ ಅಂದರೆ ಪಾಕ ತಣಿಯುವಾಗ ಮರಳಾಗುತ್ತದೆ. ಬೇಕರಿ ಸಾಮಾನಿನಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ ಇದಕ್ಕೆ ಸರಿಯಾದ ಬದಲಿ, ಅಷ್ಟಕ್ಕಷ್ಟೇ ಹಾಕಿ. ಅದೂ ಇಲ್ಲದಿದ್ದರೆ 200 ಗ್ರಾಂ ಸಕ್ಕರೆಗೆ ಕೆಲವು ಹನಿ ನಿಂಬೆರಸ, ಅಥವಾ ಒಂದು ಚಿಟಿಕೆ ಕ್ರೀಮ್ ಆಫ್ ಟಾರ್ಟರ್. ಹುಳಿ ಸಕ್ಕರೆಯನ್ನು ಒಡೆದು ಅದೇ ತಡೆಯನ್ನು ಒಳಗೇ ಹುಟ್ಟಿಸುತ್ತದೆ.

ಜೇನು, ಗೋಲ್ಡನ್ ಸಿರಪ್ ಕೂಡ ಹರಳು ತಡೆಯುತ್ತವೆ. ಮೆತ್ತನೆ ಕ್ಯಾರಮೆಲ್‌ಗೆ ಚೆನ್ನಾಗಿವೆ. ಗಟ್ಟಿ ಮಿಠಾಯಿಗೆ ಹಾಕಿದರೆ ಗಾಳಿಯ ತೇವ ಎಳೆದುಕೊಂಡು ಮರುದಿನವೇ ಅಂಟಂಟಾಗುತ್ತದೆ. ಜೇನು ಬೇಗ ಕಂದಾಗುತ್ತದೆ ಕೂಡ.

ಹರಳುಗಟ್ಟಿದ ಪಾಕ ಹಾಳಾಯಿತು ಅಂತ ಅಲ್ಲ. ಕಾಲು ಕಪ್ ನೀರು ಹಾಕಿ, ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ, ಪಾತ್ರೆಯ ಗೋಡೆಗೆ ಅಂಟಿದ ಹರಳನ್ನು ಒದ್ದೆ ಬ್ರಷ್‌ನಿಂದ ಇಳಿಸಿ, ಮತ್ತೆ ಕುದಿಸಿ. ಕುದಿ ಬಂದ ಮೇಲೆ ಸೌಟು ಆಡಿಸಬೇಡಿ.

ಸಾಮಾನು ಎಲ್ಲ ಸರಿ ಇದ್ದೂ ಮಿಠಾಯಿ ಗಟ್ಟಿಯಾಗದಿದ್ದರೆ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿ. ಸಮುದ್ರ ಮಟ್ಟದಲ್ಲಿ 100 ತೋರಿಸಬೇಕು. ಎತ್ತರದ ಊರಿನಲ್ಲಿ ಪ್ರತಿ 300 ಮೀಟರ್‌ಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ನೀರು 97ಕ್ಕೆ ಕುದಿದರೆ ರೆಸಿಪಿಯ ಅಂಕೆಯಿಂದಲೂ 3 ಕಳೆಯಿರಿ. ಮೆತ್ತನೆ ಉಂಡೆ ಪಾಕ 112ರಿಂದ 116, ಪಟ್ಟನೆ ಮುರಿಯುವ ಹದ 149ರಿಂದ 154 ಡಿಗ್ರಿ. ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಿನಲ್ಲಿ ನೋಡುವ ಪರೀಕ್ಷೆ ಯಾವ ಎತ್ತರದಲ್ಲೂ ಸುಳ್ಳಾಗುವುದಿಲ್ಲ. ನಾನು ಎರಡನ್ನೂ ಮಾಡುತ್ತೇನೆ.

ಚಾಕೊಲೇಟ್

ಪಟ್ಟಿಯಲ್ಲಿ ಕೋಕೋ ಬೆಣ್ಣೆಯ ಬದಲು ಸಸ್ಯಜನ್ಯ ಕೊಬ್ಬು ಅಂತ ಇದ್ದರೆ ಅದು ಕಾಂಪೌಂಡ್. ಕರಗಿಸಿ ಅಚ್ಚಿಗೆ ಹಾಕಲು ಸುಲಭ. ಆದರೆ ಅದನ್ನು ಕವರ್ಚರ್, ಅಂದರೆ ಕೋಕೋ ಬೆಣ್ಣೆಯ ನಿಜವಾದ ಚಾಕೊಲೇಟ್ ಜೊತೆ ಬೆರೆಸಬೇಡಿ. ಎರಡು ಕೊಬ್ಬು ಹೊಂದದೆ ಮೆತ್ತಗಾಗಿ ಮೇಲೆ ಬೂದು ಬಣ್ಣ ಬರುತ್ತದೆ. ಗನಾಶ್ ಗಟ್ಟಿಯಾಗದಿದ್ದರೆ ಚಾಕೊಲೇಟಿನ ಬಗೆ ಬದಲಾಗಿರಬಹುದು. ಡಾರ್ಕ್‌ಗೆ ತೂಕಕ್ಕೆ ತೂಕ ಕೆನೆ ಸಾಕು, ಮಿಲ್ಕ್ ಚಾಕೊಲೇಟ್‌ಗೆ ಕೆನೆಯ ಎರಡು ಪಾಲು ಚಾಕೊಲೇಟ್ ಬೇಕು, ಬಿಳಿಯದಕ್ಕೆ ಮೂರು ಪಾಲು. ಸಿಹಿಯಿಲ್ಲದ ಚಾಕೊಲೇಟ್ 28 ಗ್ರಾಂ ಕೇಳಿದ್ದರೆ ಮೂರು ಟೇಬಲ್ ಚಮಚ ಕೋಕೋ, ಒಂದು ಟೇಬಲ್ ಚಮಚ ಬೆಣ್ಣೆ.

ಜೆಲ್ಲಿ ಕಟ್ಟಲಿಲ್ಲ, ಅಥವಾ ಕಲ್ಲಾಯಿತು

ಜೆಲಟಿನ್ ಬದಲು ಅಗರ್, ಅಂದರೆ ಚೈನಾ ಗ್ರಾಸ್ ಹಾಕುವವರು ನಮ್ಮಲ್ಲಿ ಬಹಳ. ಎರಡೂ ಕಟ್ಟುತ್ತವೆ, ಆದರೆ ನಡವಳಿಕೆ ಪೂರ್ತಿ ಬೇರೆ. ಜೆಲಟಿನ್ ತಣ್ಣೀರಿನಲ್ಲಿ ನೆನೆದು ಬೆಚ್ಚಗಿನದ್ದರಲ್ಲಿ ಕರಗಬೇಕು. ತುಂಬ ಕುದಿಸಿದರೆ ಸೋಲುತ್ತದೆ. ಅಗರ್ ಕುದಿಯಲೇಬೇಕು. ಬರೀ ಬಿಸಿ ನೀರಿನಲ್ಲಿ ಕಲಕಿದ್ದರೆ ಕಟ್ಟದಿರುವುದಕ್ಕೆ ಅದೇ ಕಾರಣ. ಜೆಲಟಿನ್ ಬಾಯಿಯ ಬಿಸಿಗೇ ಕರಗುತ್ತದೆ. ಅಗರ್ ಕರಗಲು 85 ಡಿಗ್ರಿ ಬೇಕು, ಹಾಗಾಗಿ ಅದನ್ನು ಕಚ್ಚಿ ತಿನ್ನಬೇಕು. ಅಳತೆಗೆ ಅಳತೆ ಬದಲಿಸಿದರೆ ಕಲ್ಲಾಗುತ್ತದೆ. ಜೆಲಟಿನ್ ತೂಕದ ಮೂರನೇ ಒಂದು ಪಾಲು ಅಗರ್ ಪುಡಿಯಿಂದ ಶುರು ಮಾಡಿ.

ಹಸಿ ಅನಾನಸ್, ಪಪ್ಪಾಯಿ, ಕಿವಿ ಇದ್ದರೆ ಜೆಲಟಿನ್ ಎಂದಿಗೂ ಕಟ್ಟುವುದಿಲ್ಲ, ಹಣ್ಣಿನ ಕಿಣ್ವ ಅದನ್ನು ತಿಂದುಬಿಡುತ್ತದೆ. ಹಣ್ಣನ್ನು ಬೇಯಿಸಿ ಹಾಕಿ. ಅಗರ್‌ಗೆ ಈ ತೊಂದರೆ ಇಲ್ಲ. ಮೂಸ್‌ನಲ್ಲಿ ಗಂಟು ಗಂಟಾಗಿದ್ದರೆ, ಬಿಸಿ ಅಗರ್ ಫ್ರಿಜ್‌ನಿಂದ ತೆಗೆದ ಕೆನೆಗೆ ತಾಗಿದ ಜಾಗದಲ್ಲೇ ಕಟ್ಟಿಕೊಂಡಿದೆ. ಅದು 40 ಡಿಗ್ರಿಯ ಕೆಳಗೆ ಹೋದರೆ ಕಾಯುವುದಿಲ್ಲ. ಮಾರ್ಷ್‌ಮೆಲೋಗೆ ನಾನು ಅಗರ್ ಹಾಕುವುದನ್ನೇ ಬಿಟ್ಟಿದ್ದೇನೆ. ಆ ಎಳೆತ ಅದರಿಂದ ಬರುವುದಿಲ್ಲ.

ಅಚ್ಚಿಗೆ ಸುರಿಯುವ ಮೊದಲು ಒಂದು ಚಮಚ ತೆಗೆದು ತಣ್ಣನೆ ತಟ್ಟೆಯ ಮೇಲೆ ಬಿಡಿ. ಅಗರ್ ಆದರೆ ಎರಡು ನಿಮಿಷಕ್ಕೆ ಕಟ್ಟುತ್ತದೆ. ಬೆರಳಲ್ಲಿ ಒತ್ತಿ ನೋಡಿ. ಮೆತ್ತಗಿದ್ದರೆ ಸ್ವಲ್ಪ ಅಗರನ್ನು ಬೇರೆಯಾಗಿ ಕುದಿಸಿ ಸೇರಿಸಿ, ಗಟ್ಟಿಯಿದ್ದರೆ ಬಿಸಿ ಹಾಲೋ ರಸವೋ ಹಾಕಿ ಸಡಿಲಿಸಿ. ಪಾತ್ರೆ ಇನ್ನೂ ಒಲೆಯ ಮೇಲೇ ಇರುತ್ತದೆ.